ಮೊಟ್ಟೆ ಗಿರಾಕಿಗೆ, ಬೆನ್ನು ನಮಗೆ

ಅಟ್ಟದ ಮೇಲೆ ನಿಂತಿದ್ದ ತಮ್ಮ ಬಿಟ್ಟ ಮೊಟ್ಟೆ ನೀಲಿ ಮ್ಯಾಟಿನ ನಟ್ಟನಡುವೆ ಬಿತ್ತು. ಗೇಣುದ್ದ ಪುಟಿಯಿತು, ಮತ್ತೆ ಬಿತ್ತು, ಒಡೆಯಲಿಲ್ಲ.

"ಅಬ್ಬಾ!" ಎಂದು ಪಿ.ಟಿ. ಟೀಚರ್ ಚಪ್ಪಾಳೆ ತಟ್ಟಿದರು. "ಯಾರಾದ್ರೂ ಹೇಳಿದ್ರೆ ನಂಬ್ತಿರಲಿಲ್ಲ ನೋಡಿ ನಾನು."

"ನಮ್ಮಪ್ಪನ ಕಾಲದ ಪರೀಕ್ಷೆ ಮೇಡಂ," ತಮ್ಮ ಮೇಲಿಂದಲೇ ಕೂಗಿದ. "ಮೂವತ್ತೈದು ವರ್ಷದಿಂದ ಇದೇ ಪದ್ಧತಿ. ಮೊಟ್ಟೆ ಉಳಿದ್ರೆ ಮಾತ್ರ ಮ್ಯಾಟು ಈ ಬಾಗಿಲು ದಾಟೋದು."

ಎರಡನೆಯ ಸಲ ಓರೆಯಾಗಿ ಬಿದ್ದಿದ್ದ ಮೊಟ್ಟೆ ಅಷ್ಟಕ್ಕೆ ಸುಮ್ಮನಾಗಲಿಲ್ಲ. ಉರುಳುತ್ತ ಅಂಚಿಗೆ ಬಂತು. ಮ್ಯಾಟಿಗೆ ಸರಿಸಮನಾಗಿ ತಾಗಿಕೊಂಡಿದ್ದ ಕತ್ತರಿಸುವ ಮೇಜಿನ ನುಣುಪು ಹಲಗೆಗೆ ಜಾರಿ, ಅಲ್ಲಿ ಗಿರ್ರನೆ ತಿರುಗಿತು. ಬುಗುರಿಯ ಹಾಗೆ ಒಂದೇ ಸಮನೆ, ಓಲಾಡದೆ, ತಡವರಿಸದೆ ತಿರುಗಿತು. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅಕ್ಕ ಅದನ್ನೇ ನೋಡುತ್ತಿದ್ದಳು. ಪೆಡಲಿನ ಮೇಲಿದ್ದ ಅವಳ ಕಾಲು ಇದ್ದಲ್ಲೇ ನಿಂತಿತು.

ಹಸಿ ಮೊಟ್ಟೆ ಹಾಗೆ ತಿರುಗುವುದಿಲ್ಲ. ಚಿಪ್ಪು ತಿರುಗಿದರೂ ಒಳಗಿನ ರಸ ಹಿಂದೆಯೇ ಉಳಿದು ಎಳೆಯುತ್ತದೆ. ಕುಡಿದವನ ಹಾಗೆ ಎರಡು ಸುತ್ತು ತೂರಾಡಿ ಮಲಗಿಬಿಡುತ್ತದೆ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಹತ್ತೊಂಬತ್ತು ವರ್ಷ ಈ ವರ್ಕ್‌ಶಾಪಿನಲ್ಲಿ ಮ್ಯಾಟು ಹೊಲಿಯುತ್ತ ಕೂತವಳಿಗೆ, ಕೂತಲ್ಲಿಂದಲೇ ಸಾವಿರಾರು ಮೊಟ್ಟೆ ಬಿದ್ದದ್ದನ್ನು ಕಂಡವಳಿಗೆ, ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಷ್ಟು ಸಲೀಸಾಗಿ ತಿರುಗಿದ್ದು ಬೇಯಿಸಿದ ಮೊಟ್ಟೆ.

"ಅಕ್ಕಾ, ಏಣಿ ಹಿಡ್ಕೋ ಬಾ," ಎಂದ ತಮ್ಮ.

ಆ ಏಣಿಯ ಎಡಗಾಲು ಒಂದಿಂಚು ಮೋಟು. ಕೆಳಗೆ ಒಬ್ಬರು ಒತ್ತಿ ಹಿಡಿಯದಿದ್ದರೆ ಹತ್ತುವವನನ್ನೂ ಇಳಿಯುವವನನ್ನೂ ಪಕ್ಕಕ್ಕೆ ಚೆಲ್ಲುತ್ತದೆ. ಅಕ್ಕ ಹೋಗಿ ಹಿಡಿದಳು. ತಮ್ಮ ಇಳಿದು, ನೇರ ಮೇಜಿನ ಬಳಿಗೆ ಹೋಗಿ ಮೊಟ್ಟೆಯನ್ನು ಎತ್ತಿ ಜೇಬಿಗೆ ಹಾಕಿಕೊಂಡ.

"ಅದನ್ನ ನಂಗೆ ಕೊಡಿ ಸರ್," ಎಂದರು ಟೀಚರ್. "ನಮ್ಮ ಹುಡುಗೀರಿಗೆ ತೋರಿಸ್ತೀನಿ."

"ಅಯ್ಯೋ ಬೇಡಿ ಮೇಡಂ, ಬ್ಯಾಗಲ್ಲಿ ಒಡೆದ್ರೆ ಎಲ್ಲಾ ಗಲೀಜಾಗುತ್ತೆ."

ಹಾಗೆ ಹೇಳುವಾಗ ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಟೀಚರ್ ನಕ್ಕರು. ಐವತ್ತರ ಹತ್ತಿರದ, ಬಿಸಿಲಿಗೆ ಕಪ್ಪಾದ ಗಟ್ಟಿ ಹೆಂಗಸು, ಕೊರಳಲ್ಲಿ ಸೀಟಿ. ಹೈಜಂಪಿಗೆ ಮ್ಯಾಟು ಬೇಕೆಂದು ಶಾಲೆಯವರ ಬೆನ್ನು ಬಿದ್ದು ಮೂರು ವರ್ಷವಾಯಿತು ಎಂದರು. ಅಷ್ಟು ದಿನವೂ ಮಕ್ಕಳು ಮರಳಿನ ಹೊಂಡಕ್ಕೆ ಹಾರುತ್ತಿದ್ದರಂತೆ. ಮರಳಿಗೆ ಬೆನ್ನು ಕೆಳಗೆ ಮಾಡಿ ಬೀಳಲಾದೀತೆ, ಕತ್ತರಿಕಾಲು ಹಾಕಿಯೇ ಹಾರಬೇಕಲ್ಲ ಎಂದರು. ಪೇಟೆಯ ಜಿಮ್ನಾಸ್ಟಿಕ್ ಕ್ಲಾಸಿನಲ್ಲಿ ಪುಟಾಣಿಗಳ ಮ್ಯಾಟಿನ ಮೇಲೆ ಇವರ ಹೆಸರಿನ ಪಟ್ಟಿ ಕಂಡು ಇಲ್ಲಿಗೆ ಬಂದದ್ದಂತೆ.

"ಮೂರು ಗಂಟೆಗೆ ಟೆಂಪೋ ತರ್ತೀನಿ. ನಮ್ಮ ಕೊಕ್ಕರೇನೂ ಬರ್ತಾಳೆ, ಬೇಡ ಅಂದ್ರೂ ಕೇಳಲ್ಲ. ಈ ಮ್ಯಾಟು ಬರುತ್ತೆ ಅಂತ ಒಂದು ವಾರದಿಂದ ನಿದ್ದೆ ಮಾಡಿಲ್ಲ ಆ ಹುಡುಗಿ."

ಟೀಚರ್ ಹೋದರು. ತಮ್ಮ ಜೇಬು ತಟ್ಟಿಕೊಂಡು ಹಿಂದಿನ ಕೋಣೆಗೆ ಹೋದ.

ಅಪ್ಪನ ಕಾಲದಲ್ಲಿ ಒಡೆಯದ ಮೊಟ್ಟೆ ಗಿರಾಕಿಯ ಕೈಗೇ ಹೋಗುತ್ತಿತ್ತು. "ಮನೇಲಿ ಒಡೆದು ನೋಡಿ, ಬಾಣಲೆ ಬಿಸಿಯಿರ್ಲಿ," ಎಂದು ಕಾಗದದಲ್ಲಿ ಸುತ್ತಿ ಕೊಡುತ್ತಿದ್ದ. ಒಡೆದ ದಿನ ಮ್ಯಾಟಿನ ಹೊಲಿಗೆ ಬಿಚ್ಚಿ ಮತ್ತೆ ಮೊದಲಿನಿಂದ. ಆದರೆ ಮೊಟ್ಟೆ ಬರಿಯ ತೋರಿಕೆ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು. ನಿಜವಾದ ಪರೀಕ್ಷೆ ಅಪ್ಪನ ಬೆನ್ನು. ಗಿರಾಕಿ ಬರುವ ಮುಂಚೆಯೇ, ಬೆಳಿಗ್ಗೆ, ಅವನು ಏಣಿ ಹತ್ತಿ ಅಟ್ಟದ ಅಂಚಿನಲ್ಲಿ ಮ್ಯಾಟಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದ. ಕಣ್ಣು ಮುಚ್ಚಿ, ಕೈ ಎದೆಗೆ ಕಟ್ಟಿ, ಹಿಂದಕ್ಕೆ ಬೀಳುತ್ತಿದ್ದ. ಧಪ್ಪೆಂದು ಸದ್ದು, ಮ್ಯಾಟಿನ ಪಕ್ಕದ ಜಾಲರಿಯಿಂದ ಗಾಳಿ ಉಸ್ಸೆಂದು ಹೊರಬರುವ ಸದ್ದು, ಆಮೇಲೆ ಅಪ್ಪನ ನಗು. ಅಪ್ಪ ಏಣಿ ಹತ್ತಿದ್ದನ್ನು ಕಂಡವರಿದ್ದರು, ಇಳಿದದ್ದನ್ನು ಕಂಡವರಿಲ್ಲ. "ಮೊಟ್ಟೆ ಗಿರಾಕಿಗೆ, ಬೆನ್ನು ನಮಗೆ," ಎನ್ನುತ್ತಿದ್ದ.

ಓದಿದ್ದು ಏಳನೆಯ ತರಗತಿ. ಆದರೂ ಬೀಳುವುದರ ಬಗ್ಗೆ ಅವನಿಗೆ ತಿಳಿದಷ್ಟು ದೊಡ್ಡ ದೊಡ್ಡ ಪುಸ್ತಕ ಓದಿದವರಿಗೂ ತಿಳಿದಿರಲಿಲ್ಲ ಎಂದೇ ಅಕ್ಕನ ನಂಬಿಕೆ. "ನೆಲಕ್ಕೆ ಯಾರ ಮೇಲೂ ಹಗೆ ಇಲ್ಲ ಕಣಮ್ಮ. ಬಿದ್ದೋನ ವೇಗಾನ ಅದು ಒಂದೇ ಗುಟುಕಿಗೆ ನುಂಗುತ್ತೆ, ಅದಕ್ಕೇ ಮೂಳೆ ಮುರಿಯೋದು. ಅದೇ ವೇಗಾನ ನಾವು ಚೂರುಚೂರಾಗಿ ನುಂಗ್ತೀವಿ. ಬಿದ್ದೋನಿಗೆ ನಿಲ್ಲೋಕೆ ಹೊತ್ತು ಕೊಡೋದೇ ನಮ್ಮ ಕಸುಬು." ಆ ಹೊತ್ತಿಗಾಗಿಯೇ ಮೇಲೆ ಮೆತ್ತನೆಯ ಫೋಮು, ನಡುವೆ ಅದಕ್ಕಿಂತ ಬಿಗಿ, ತಳದಲ್ಲಿ ಗಟ್ಟಿ, ನಡುಪದರದಲ್ಲಿ ಗಾಳಿ ಹರಿಯಲು ಬೆರಳಗಲದ ಕಾಲುವೆಗಳು.

ಅಪ್ಪ ಹೋಗಿ ಎರಡು ವರ್ಷ. ಅವನ ಜೊತೆಗೇ ಬೆನ್ನಿನ ಪರೀಕ್ಷೆಯೂ ಹೋಯಿತು, ಮೊಟ್ಟೆ ಮಾತ್ರ ಉಳಿದಿತ್ತು. ಈಗ ಮೊಟ್ಟೆಯೂ ಬೆಂದಿತ್ತು.

ಅಕ್ಕ ಎದ್ದು ಮ್ಯಾಟಿನ ಸುತ್ತ ಒಂದು ಸುತ್ತು ಬಂದಳು. ಕಳೆದ ವಾರ ಆಸ್ಪತ್ರೆಯಲ್ಲಿದ್ದ ಸೋದರತ್ತೆಯನ್ನು ನೋಡಿಕೊಳ್ಳಲು ಅವಳು ಎರಡು ದಿನ ಹೋಗಿದ್ದಳು. ಹೋಗುವಾಗ ರೆಕ್ಸಿನ್ನಿನ ಹೊದಿಕೆ ಹೊಲಿದಿಟ್ಟು ಹೋಗಿದ್ದಳು, ಬರುವಷ್ಟರಲ್ಲಿ ಮ್ಯಾಟು ತುಂಬಿ, ಬಾಯಿ ಹೊಲಿದು, ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು. ಕೂಲಿಯವರನ್ನು ಕರೆಸಿ ತುಂಬಿಸಿದೆ, ನಿನಗೆ ತೊಂದರೆ ಯಾಕೆ ಅಂತ, ಎಂದಿದ್ದ ತಮ್ಮ. ಅಕ್ಕನ ತೊಂದರೆಯ ಬಗ್ಗೆ ಅವನಿಗೆ ಯಾವತ್ತೂ ಅಷ್ಟು ಕಾಳಜಿ ಇದ್ದದ್ದಿಲ್ಲ. ವರ್ಕ್‌ಶಾಪಿನ ತುಂಬ ಗುಲಾಬಿ ಸೆಂಟಿನ ಘಾಟು ಹೊಡೆಯುತ್ತಿತ್ತು. ಇಲಿ ಸತ್ತಿತ್ತು ಅಕ್ಕಾ, ಎಂದಿದ್ದ. ಅವಳು ಅದನ್ನೂ ನಂಬಿದ್ದಳು. ನಂಬಿದ್ದಳು ಎನ್ನುವುದಕ್ಕಿಂತ, ನಂಬಿದರೆ ಕೆಲಸ ಸಲೀಸು ಎಂದು ನಂಬಿದ್ದಳು.

ಈಗ ಮ್ಯಾಟಿನ ಮೇಲೆ ಹತ್ತಿ, ಒಂದು ಮಂಡಿ ಎತ್ತಿ, ಇಡೀ ಮೈಭಾರ ಬಿಟ್ಟು ಊರಿದಳು. ಮಂಡಿ ಮೇಲಿನ ಮೆತ್ತನೆಯ ಪದರವನ್ನು ದಾಟಿತು. ಆಮೇಲೆ ಅದನ್ನು ತಡೆಯುವವರೇ ಇರಲಿಲ್ಲ. ಒಳಗಿನದು ಆ ಕಡೆಗೂ ಈ ಕಡೆಗೂ ಸರಿದು ದಾರಿ ಬಿಟ್ಟಿತು. ಸಿಮೆಂಟು ನೆಲ ಮಂಡಿಚಿಪ್ಪಿಗೆ ಟಕ್ಕೆಂದು ಬಡಿಯಿತು. ನೋವಿಗೆ ಕಣ್ಣಲ್ಲಿ ನೀರು ಬಂತು.

ಅವಳು ಕೆಳಗಿಳಿದು, ಹೊಲಿಗೆ ಬಿಚ್ಚುವ ಕೊಕ್ಕೆ ತಂದು, ಹಿಂಭಾಗದ ಮೂಲೆಯಲ್ಲಿ ಗೇಣಗಲ ಬಿಚ್ಚಿದಳು. ಯಾವನೋ ಅಡ್ಡಾದಿಡ್ಡಿ ಹಾಕಿದ್ದ ಹೊಲಿಗೆ, ಎಳೆದರೆ ಸಾಕು ಬರುತ್ತಿತ್ತು. ಕೈಯನ್ನು ಮೊಣಕೈವರೆಗೆ ಒಳಗೆ ತೂರಿಸಿದಳು. ಒಳಗೆ ಬೆಚ್ಚಗಿತ್ತು, ತೇವವಾಗಿತ್ತು. ಬೆರಳಿಗೆ ಹಾಳೆ ಸಿಗಲಿಲ್ಲ, ಚೂರುಗಳು ಸಿಕ್ಕವು. ಮುಷ್ಟಿಯ ತುಂಬ ಎಳೆದು ಬೆಳಕಿಗೆ ಹಿಡಿದಳು. ಹಳದಿ ಫೋಮಿನ ಚೂರುಗಳು. ಹಳದಿ ಬಣ್ಣ ಫೋಮಿನದ್ದಲ್ಲ. ಕೆಲವಕ್ಕೆ ಕಂದು ಅಂಚು, ಒಂದಕ್ಕೆ ಗಾಯದ ಪಟ್ಟಿಯ ತುಣುಕು ಅಂಟಿಕೊಂಡಿತ್ತು, ಇನ್ನೊಂದರಲ್ಲಿ ಉದ್ದನೆಯ ಬಿಳಿ ಕೂದಲು. ಗುಲಾಬಿ ಸೆಂಟಿನ ಅಡಿಯಿಂದ ಇನ್ನೊಂದು ವಾಸನೆ ಎದ್ದುಬಂತು. ಅದು ಅವಳಿಗೆ ಗೊತ್ತಿದ್ದ ವಾಸನೆ, ಎರಡು ರಾತ್ರಿ ಅತ್ತೆಯ ವಾರ್ಡಿನಲ್ಲಿ ಕುಡಿದು ಬಂದದ್ದು. ಉಚ್ಚೆ, ಕೀವು, ಔಷಧಿ.

ಅವಳಿಗೆ ವಾಕರಿಕೆ ಬಂತು. ಬಾಯಿಗೆ ಅಡ್ಡ ಹಿಡಿಯಲು ಕೈ ಎತ್ತಿದವಳು, ಅದು ಯಾವ ಕೈಯೆಂದು ನೆನಪಾಗಿ ಅರ್ಧಕ್ಕೇ ಇಳಿಸಿದಳು.

ಹಿಂದಿನ ಕೋಣೆಯಲ್ಲಿ ತಮ್ಮ ಸ್ಟೂಲಿನ ಮೇಲೆ ಕೂತು ಮೊಟ್ಟೆ ಸುಲಿಯುತ್ತಿದ್ದ. ಮುಂದೆ ಕಾಗದದ ಮೇಲೆ ಉಪ್ಪು, ಮೆಣಸಿನ ಪುಡಿ. ಚಿಪ್ಪಿನ ಚೂರುಗಳನ್ನು ಒಪ್ಪವಾಗಿ ಒಂದು ಕಡೆ ಗುಡ್ಡೆ ಹಾಕಿದ್ದ. ಚಿಕ್ಕಂದಿನಿಂದಲೂ ತಿನ್ನುವ ವಿಷಯದಲ್ಲಿ ಅವನು ಬಹಳ ಅಚ್ಚುಕಟ್ಟು.

"ಬಾ ಅಕ್ಕಾ. ಅರ್ಧ ಬೇಕಾ?"

ಅವಳು ಮುಷ್ಟಿ ಬಿಚ್ಚಿ ಚೂರುಗಳನ್ನು ಅವನ ಉಪ್ಪಿನ ಪಕ್ಕದಲ್ಲೇ ಸುರಿದಳು. ಅವನು ಕಾಗದವನ್ನು ಒಂದಿಷ್ಟು ಈಚೆಗೆ ಎಳೆದುಕೊಂಡ, ಅಷ್ಟೆ.

"ಎಲ್ಲಿಂದ ತಂದೆ ಇದನ್ನ?"

"ಗುಜರಿಯವನ ಹತ್ರ. ಹಳೇ ಆಸ್ಪತ್ರೆ ಹಾಸಿಗೆ. ಸುಡೋಕೆ ಅಂತ ಹೊರಗೆ ಹಾಕಿದ್ರಂತೆ, ಇವನು ಮಿಷನ್ನಿಗೆ ಕೊಟ್ಟು ಚೂರು ಮಾಡಿಸಿದಾನೆ. ಯಾಕೆ ಹಂಗೆ ನೋಡ್ತೀಯ? ಔಷಧಿ ಹೊಡೆಸಿದೀನಿ, ಸೆಂಟು ಹೊಡೆಸಿದೀನಿ. ಮೇಲೆ ನಾಲ್ಕು ಬೆರಳು ಹೊಸಾ ಫೋಮೇ ಹಾಕಿದೀನಿ."

"ಮೇಲೆ ಥಳಕು, ಒಳಗೆ ಹುಳುಕು. ಸತ್ತೋರು ಮಲಗಿದ್ದ ಹಾಸಿಗೆ ಕಣೋ ಇದು."

"ಸತ್ತೋರೇ ಯಾಕೆ ಆಗ್ಬೇಕು, ವಾಸಿಯಾಗಿ ಮನೆಗೆ ಹೋದೋರೂ ಮಲಗಿರ್ತಾರೆ," ಎಂದು ಅವನು ಮೊಟ್ಟೆಯನ್ನು ಉಪ್ಪಿಗೆ ಅದ್ದಿದ.

"ಗಲೀಜು ಹಾಳಾಗಿ ಹೋಗ್ಲಿ. ಮಂಡಿ ಊರಿದೆ, ನೆಲ ಸಿಕ್ತು ನಂಗೆ. ಆ ಹುಡುಗಿ ಬೆನ್ನು ಕೆಳಗೆ ಮಾಡಿ ಬೀಳ್ತಾಳೆ, ಕುತ್ತಿಗೆ ಮೊದಲು ಬರುತ್ತೆ. ಏನಾಗುತ್ತೆ ಗೊತ್ತಾ?"

"ಏನೂ ಆಗಲ್ಲ. ಮರಳಲ್ಲಿ ಬೀಳ್ತಿದ್ರಂತೆ ಇಷ್ಟು ದಿನ."

"ಮರಳಲ್ಲಿ ಕಾಲ ಮೇಲೆ ಬೀಳ್ತಿದ್ರು. ಮ್ಯಾಟಿದೆ ಅನ್ನೋ ಧೈರ್ಯಕ್ಕೆ ಬೆನ್ನು ಕೊಡ್ತಾರೆ. ಆ ಧೈರ್ಯ ಕೊಟ್ಟು ಕೊಲ್ತೀಯಲ್ಲೋ!" ಅವಳ ದನಿ ಒಡೆಯಿತು. ಅವನ ಕೈಯಲ್ಲಿದ್ದ ಮೊಟ್ಟೆಯ ಕಡೆ ನೋಡಿ ಕೇಳಿದಳು, "ಮೊಟ್ಟೆ ಯಾಕೆ ಬೇಯಿಸಿದೆ?"

ಅವನು ನಾಚಿಕೊಂಡವನಂತೆ ನಕ್ಕ. "ಕಂಡುಹಿಡಿದೆಯಾ? ಯಾಕೆ ಅಂದ್ರೆ... ಮೇಡಂ ಮುಂದೆ ಒಡೆದುಬಿಟ್ರೆ ಕಷ್ಟ ಅಂತ."

"ಹಸಿದೇ ಹಾಕಿದ್ರೂ ಒಡೀತಿರಲಿಲ್ಲ. ಮೊಟ್ಟೆ ತೂಕ ಎಷ್ಟು? ಐವತ್ತು ಗ್ರಾಮು. ಅದನ್ನ ಹಿಡಿಯೋಕೆ ನಿನ್ನ ನಾಲ್ಕು ಬೆರಳು ಫೋಮು ಸಾಕು. ಆ ಹುಡುಗಿ ಸಾವಿರ ಮೊಟ್ಟೆ ತೂಕ ಇರ್ತಾಳೆ. ಇಷ್ಟು ವರ್ಷ ಅಪ್ಪನ ಜೊತೆ ಇದ್ದು ಅಷ್ಟೂ ಕಲೀಲಿಲ್ಲವಲ್ಲೋ ನೀನು."

ತಮ್ಮ ಅವಳನ್ನೇ ನೋಡಿದ. ಅರ್ಥವಾಗಲು ಎರಡು ಗಳಿಗೆ ಬೇಕಾಯಿತು. ಆಮೇಲೆ ಬಾಯಲ್ಲಿದ್ದ ಹಳದಿ ಪುಡಿ ಅಂಗಿಯ ಮೇಲೆ ಉದುರುವ ಹಾಗೆ ನಗತೊಡಗಿದ.

"ಹೌದಾ! ಮೊದಲೇ ಹೇಳ್ಬಾರ್ದಾಗಿತ್ತಾ ಅಕ್ಕಾ? ಸುಮ್ನೆ ಗ್ಯಾಸು ದಂಡ!"

ಅಕ್ಕನಿಗೆ ಅವನು ಹುಟ್ಟಿದ ದಿನ ನೆನಪಿತ್ತು. ಎತ್ತಿ ಆಡಿಸಿದ್ದಳು, ಮೂಗು ಒರೆಸಿದ್ದಳು, ಹೇಲು ಬಳಿದಿದ್ದಳು. ಆ ಯಾವುದಕ್ಕೂ ಅವಳು ಹೇಸಿದವಳಲ್ಲ. ಈಗ ಮೊಟ್ಟೆ ತಿನ್ನುತ್ತ ನಗುವ ಆ ಬಾಯನ್ನು ನೋಡಲು ಹೇಸಿಗೆಯಾಯಿತು.

"ಮೇಡಂ ಬಂದಾಗ ಹೇಳ್ತೀನಿ ನಾನು," ಎಂದಳು.

ಅವನ ನಗು ನಿಂತಿತು. ಕೈ ಒರೆಸಿಕೊಂಡ. "ಹೇಳು. ಹೇಳಿ ಎಲ್ಲಿಗೆ ಹೋಗ್ತೀಯ? ಈ ಶಟರ್ ಎಳೆದ್ರೆ ನಂಗಷ್ಟೇ ಅಲ್ಲ, ನಿಂಗೂ ಅನ್ನ ಇಲ್ಲ. ಆಮೇಲೆ ಇನ್ನೊಂದು ಮಾತು. ಪುಟಾಣಿಗಳ ಕ್ಲಾಸಿಗೆ ನಾಲ್ಕು ಮ್ಯಾಟು ಹೋಯ್ತಲ್ಲ, ನಡುಪದರ ಇಲ್ದೇನೇ, ಅದನ್ನ ಹೊಲಿದೋರು ಯಾರು? ಅಪ್ಪನ ಹೆಸರಿನ ಪಟ್ಟಿ ಹಚ್ಚಿದೋರು ಯಾರು? ಆಗ ಮೂಗು ಮುಚ್ಚಿತ್ತಾ ನಿಂದು?"

ಆರು ತಿಂಗಳ ಹಿಂದಿನ ಮಾತು. "ಮಕ್ಕಳು ಹಗುರ ಅಕ್ಕಾ, ಒಂದು ಪದರ ಕಮ್ಮಿಯಾದ್ರೆ ಏನೂ ಆಗಲ್ಲ," ಎಂದಿದ್ದ. ಅವಳು ಒಂದು ಮಾತೂ ಆಡದೆ ಹೊಲಿದು ಕೊಟ್ಟಿದ್ದಳು. ಮೌನ ಬಂಗಾರ ಎನ್ನುತ್ತಾರೆ. ಅವಳ ಬಂಗಾರ ಆ ನಾಲ್ಕು ಮ್ಯಾಟುಗಳ ಅಡಿಯಲ್ಲಿತ್ತು, ಅದರ ಮೇಲೆ ದಿನವೂ ಪುಟ್ಟ ಪುಟ್ಟ ಮಕ್ಕಳು ಪಲ್ಟಿ ಹೊಡೆಯುತ್ತಿದ್ದವು.

ಅವಳು ನಲ್ಲಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆದಳು. ಮೂಸಿದಳು. ಮತ್ತೆ ತೊಳೆದಳು. ಮೂರನೆಯ ಸಲ ಉಗುರುಗಳ ಸಂದಿಗೆ ಬ್ರಷ್ಷು ಹಾಕಿ ಉಜ್ಜಿದಳು. ವಾಸನೆ ಅಲ್ಲೇ ಇತ್ತು. ಆಮೇಲೆ ಯಂತ್ರದ ಮುಂದೆ ಬಂದು ಕೂತಳು. ಹೇಳಬೇಕೋ ಬೇಡವೋ ಎಂದು ಮೂರು ಗಂಟೆಯವರೆಗೂ ತೂಗಿದಳು. ತೀರ್ಮಾನ ಆಗಲಿಲ್ಲ. ಸುಮ್ಮನಿರುವುದು ಅವಳಿಗೆ ಅಷ್ಟು ಅಭ್ಯಾಸವಾಗಿತ್ತು.

ಟೆಂಪೋ ಮೂರಕ್ಕೆ ಸರಿಯಾಗಿ ಬಂತು. ಅದು ನಿಲ್ಲುವ ಮುಂಚೆಯೇ ಹುಡುಗಿ ಇಳಿದು ಒಳಗೆ ಓಡಿ ಬಂದಳು. ಹದಿನೈದು ವರ್ಷ ಇದ್ದೀತು. ಮೈಯೆಲ್ಲ ಕಾಲೇ, ಟೀಚರ್ ಕೊಕ್ಕರೆ ಎಂದದ್ದು ಸುಮ್ಮನೆ ಅಲ್ಲ. ಮ್ಯಾಟನ್ನು ನೋಡಿ ಹತ್ತಿರ ಹೋಗದೆ ನಾಲ್ಕು ಹೆಜ್ಜೆ ದೂರವೇ ನಿಂತಳು. ಕೈಗಳನ್ನು ಹಿಂದೆ ಕಟ್ಟಿಕೊಂಡಳು.

"ಮುಟ್ಟಬಹುದಾ ಅಂಕಲ್?"

"ಮುಟ್ಟೋದೇನು, ಬೀಳೇ ಬೀಳಮ್ಮ! ನಿನ್ನದೇ ಮ್ಯಾಟು," ಎಂದ ತಮ್ಮ, ಎರಡೂ ಕೈ ಅಗಲಿಸಿ.

ಹುಡುಗಿ ಮುಟ್ಟಿ ನೋಡಿದಳು, ಅಂಗೈಯಿಂದ ಒತ್ತಿದಳು. ಮೇಲಿನ ನಾಲ್ಕು ಬೆರಳು ಹೊಸ ಫೋಮು ಮೆತ್ತಗೆ ತಗ್ಗಿ ಎದ್ದಿತು. ಅವಳ ಮುಖ ಅರಳಿತು. ತಲೆಯೆತ್ತಿ ಅಟ್ಟದ ಕಡೆ ನೋಡಿದಳು.

"ಮಿಸ್, ಅಲ್ಲಿಂದ ಬೀಳ್ಲಾ? ಹಿಂದಕ್ಕೆ? ಒಂದೇ ಒಂದು ಸಲ. ಹೈಜಂಪ್ ಬಾರಿಗಿಂತ ಒಂದು ಚೂರು ಎತ್ತರ, ಅಷ್ಟೇ ಅಲ್ವಾ?"

ಟೀಚರ್ ತಮ್ಮನ ಕಡೆ ತಿರುಗಿದರು. "ಪರವಾಗಿಲ್ಲವಾ ಸರ್?"

ಅಕ್ಕನೂ ಅವನನ್ನೇ ನೋಡಿದಳು. ಬೇಡ ಎಂದುಬಿಡುತ್ತಾನೆ ಎಂದುಕೊಂಡಳು. ಏಣಿ ಸರಿಯಿಲ್ಲ, ಅಟ್ಟ ಹಳೆಯದು, ಏನಾದರೊಂದು ನೆಪ ಹೇಳುತ್ತಾನೆ. ಎಷ್ಟಾದರೂ ಅಪ್ಪನ ಮಗ. ಎಂಥ ಕಳ್ಳನಾದರೂ ಕಣ್ಣೆದುರಿಗೇ ಒಂದು ಮಗುವಿನ ಕುತ್ತಿಗೆ ಮುರಿಯಲು ಬಿಡುತ್ತಾನೆಯೇ?

ತಮ್ಮ ಒಂದು ಕ್ಷಣ ಗಡ್ಡ ಕೆರೆದುಕೊಂಡ. "ಅದಕ್ಕೇನು ಮೇಡಂ, ಧೈರ್ಯವಾಗಿ ಬೀಳ್ಲಿ," ಎಂದ.

ಹುಡುಗಿ ಆಗಲೇ ಶೂ ಬಿಚ್ಚುತ್ತಿದ್ದಳು. ಅಕ್ಕನಿಗೆ ಬಂದದ್ದು ಸಿಟ್ಟಲ್ಲ, ಬೆಳಿಗ್ಗೆ ಕೈಯನ್ನು ಮ್ಯಾಟಿನ ಒಳಗೆ ತೂರಿಸಿದಾಗ ಬಂದಿತ್ತಲ್ಲ, ಅದೇ ಹೇಸಿಗೆ. ಅವಳು ಎದ್ದು ಹೋಗಿ ಏಣಿಯ ಮುಂದೆ ನಿಂತಳು.

"ಇರಮ್ಮ," ಎಂದಳು ಹುಡುಗಿಗೆ. ಆಮೇಲೆ ಟೀಚರ್ ಕಡೆ ತಿರುಗಿದಳು. "ಮೇಡಂ, ನಮ್ಮಲ್ಲೊಂದು ಪದ್ಧತಿ ಇದೆ. ನಮ್ಮಪ್ಪ ಮಾಡಿಟ್ಟಿದ್ದು. ಬೇರೆಯವರು ಬೀಳೋಕೆ ಮುಂಚೆ ಮನೆಯವರು ಬೀಳ್ಬೇಕು. ಮೊಟ್ಟೆ ಗಿರಾಕಿಗೆ, ಬೆನ್ನು ನಮಗೆ ಅನ್ನೋರು."

"ಓ, ಇದನ್ನ ಹೇಳ್ಲೇ ಇಲ್ವಲ್ಲ ಸರ್ ನೀವು!" ಎಂದು ಟೀಚರ್ ಉತ್ಸಾಹದಿಂದ ತಮ್ಮನ ಕಡೆ ನೋಡಿದರು.

"ಅದೆಲ್ಲ ಹಳೇ ಕಾಲದ್ದು ಮೇಡಂ..."

"ಮೂವತ್ತೈದು ವರ್ಷದ ಪದ್ಧತಿ ಅಂದ್ಯಲ್ಲೋ ಬೆಳಿಗ್ಗೆ," ಎಂದಳು ಅಕ್ಕ. ದನಿ ತಣ್ಣಗಿತ್ತು. "ಹತ್ತು. ಏಣಿ ನಾನು ಹಿಡ್ಕೊಂಡಿದೀನಿ."

ಅವನು ಅವಳನ್ನು ನುಂಗುವಂತೆ ನೋಡಿದ. ಆದರೆ ಎದುರಿಗೆ ಟೀಚರ್ ಇದ್ದರು, ಹುಡುಗಿ ಶೂ ಕೈಯಲ್ಲಿ ಹಿಡಿದು ಕಾಯುತ್ತಿದ್ದಳು. ಒಂದೊಂದೇ ಮೆಟ್ಟಿಲು ಹತ್ತಿದ. ಅವನ ಭಾರಕ್ಕೆ ಏಣಿಯ ಮೋಟುಗಾಲು ನಡುಗಿದ್ದು ಅಕ್ಕನ ಅಂಗೈಗೆ ತಿಳಿಯಿತು. ಅಟ್ಟ ಸೇರಿ, ಅಂಚಿಗೆ ಬಂದು, ಕೆಳಗೆ ನೋಡಿದ. ನೀಲಿ ಮ್ಯಾಟು ನೇರ ಅಡಿಯಲ್ಲಿತ್ತು.

"ಬೆನ್ನು ಈ ಕಡೆಗೆ ಅಂಕಲ್," ಎಂದಳು ಹುಡುಗಿ, ಮೆಲ್ಲಗೆ ತಿದ್ದುವವಳಂತೆ. "ಗಲ್ಲ ಎದೆಗೆ ಒತ್ತಿ ಹಿಡ್ಕೋಬೇಕು. ಇಲ್ದಿದ್ರೆ ತಲೆ ಮೊದಲು ಬಡಿಯುತ್ತೆ."

ಅವನು ತಿರುಗಿ ಬೆನ್ನು ಮಾಡಿ ನಿಂತ. ಹಿಮ್ಮಡಿ ಎರಡೂ ಅಂಚಿನಿಂದ ಆಚೆಗಿದ್ದವು. ಅಂಗಿಯ ಬೆನ್ನು ಬೆವರಿಗೆ ಒದ್ದೆಯಾಗಿ ಅಂಟಿಕೊಂಡಿತ್ತು.

"ಎಣಿಸ್ಲಾ ಅಂಕಲ್? ಒಂದು..."

ಟೆಂಪೋ ಡ್ರೈವರ್ ಹೊರಗೆ ಕೆಮ್ಮಿದ್ದು ಕೇಳಿಸಿತು.

"ಎರಡು..."

ಅಕ್ಕನಿಗೆ ಬೀಳಲಿ ಎಂದೂ ಅನ್ನಿಸಿತು, ಬೀಳದಿರಲಿ ಎಂದೂ ಅನ್ನಿಸಿತು. ಎತ್ತಿ ಆಡಿಸಿದ ಕೂಸು.

"ಮೂರು!"

ಏನೂ ಆಗಲಿಲ್ಲ. ಅವನ ಕಾಲಿನ ಬೆರಳುಗಳು ಹಲಗೆಯನ್ನು ಕಚ್ಚಿ ಹಿಡಿದಿದ್ದವು. ಹುಡುಗಿ ನಕ್ಕು, ಮೊದಲ ಸಲ ಎಲ್ಲರಿಗೂ ಹೀಗೇ ಅಂಕಲ್, ಎಂದು ಮತ್ತೆ ಒಂದರಿಂದ ಎಣಿಸಿದಳು. ಈ ಸಲ ಮೂರು ಎನ್ನುವಾಗ ಅವಳ ದನಿಯಲ್ಲಿ ನಗು ಇರಲಿಲ್ಲ.

"ಬೆನ್ನು ಹಿಡ್ಕೊಂಡಿದೆ ನಂಗೆ," ಎಂದ ತಮ್ಮ, ಗೋಡೆಗೆ ಹೇಳಿದ ಹಾಗೆ. "ಈಗಷ್ಟೇ ಊಟ ಬೇರೆ ಆಗಿದೆ. ಅವಳೇ ಬೀಳ್ಲಿ ಬಿಡಿ ಮೇಡಂ, ಚಿಕ್ಕ ಹುಡುಗಿ, ಮೈ ಹಗುರ."

ಟೀಚರ್ ಅಟ್ಟದ ಮೇಲಿನ ಆ ಒದ್ದೆ ಬೆನ್ನನ್ನು ನೋಡಿದರು, ಮ್ಯಾಟನ್ನು ನೋಡಿದರು. ಆಮೇಲೆ ಹುಡುಗಿಯ ಕೈ ಹಿಡಿದು ಪಕ್ಕಕ್ಕೆ ಎ‍ಳೆದುಕೊಂಡರು. "ಶೂ ಹಾಕ್ಕೋ," ಎಂದರು.

"ಮಿಸ್..."

"ಹಾಕ್ಕೋ ಅಂದೆ."

ಅಕ್ಕ ಏಣಿ ಬಿಟ್ಟು ಮ್ಯಾಟಿನ ಹಿಂಭಾಗಕ್ಕೆ ಹೋದಳು. ಬೆಳಿಗ್ಗೆ ಗೇಣಗಲ ಬಿಚ್ಚಿದ್ದ ಮೂಲೆಗೆ ಕೊಕ್ಕೆ ಹಾಕಿ ಈ ತುದಿಯಿಂದ ಆ ತುದಿಯವರೆಗೆ ಎಳೆದಳು. ಹಳದಿ ಚೂರುಗಳು ಸಿಮೆಂಟಿನ ಮೇಲೆ ಮೆಲ್ಲಗೆ ಸುರಿಯತೊಡಗಿದವು. ವಾಸನೆ ಕೋಣೆಯನ್ನು ತುಂಬಿತು. ಹುಡುಗಿ ಮೂಗು ಮುಚ್ಚಿಕೊಂಡಳು. ಟೀಚರ್ ಮುಚ್ಚಿಕೊಳ್ಳಲಿಲ್ಲ. ಬಗ್ಗಿ ಒಂದು ಚೂರನ್ನು ಎತ್ತಿ, ಅದಕ್ಕಂಟಿದ್ದ ಗಾಯದ ಪಟ್ಟಿಯನ್ನು ನೋಡಿ, ಇದ್ದಲ್ಲೇ ಇಟ್ಟರು. ಬೈಯುತ್ತಾರೆ, ಪೊಲೀಸು ಗಿಲೀಸು ಎನ್ನುತ್ತಾರೆ ಎಂದು ಅಕ್ಕ ಕಾದಳು. ಅವರು ಕೇಳಿದ್ದು ಒಂದೇ ಮಾತು.

"ಆ ಪುಟಾಣಿಗಳ ಮ್ಯಾಟು?"

"ಇಷ್ಟು ಹೊಲಸು ಇಲ್ಲ ಮೇಡಂ. ಆದ್ರೆ ನಡುಪದರ ಇಲ್ಲ." ಅಕ್ಕ ಎದ್ದು ನಿಂತಳು. "ಅದನ್ನ ನಾನೇ ಹೊಲಿದಿದ್ದು. ಗೊತ್ತಿದ್ದೇ ಹೊಲಿದಿದ್ದು."

ಟೀಚರ್ ಅವಳನ್ನು ನೋಡಿದರು. ಬೆಳಿಗ್ಗೆ ಬಿಳಿ ಕೂದಲಿದ್ದ ಚೂರನ್ನು ತಾನು ನೋಡಿದ್ದು ಹೀಗೇ ಇರಬೇಕು ಎಂದು ಅಕ್ಕನಿಗೆ ಅನ್ನಿಸಿತು. ತಲೆ ತಗ್ಗಿಸಲಿಲ್ಲ. ತಗ್ಗಿಸಿದರೆ ಹಗುರವಾಗುತ್ತದೆ, ಹಗುರವಾಗುವ ಹಕ್ಕು ತನಗಿಲ್ಲ ಎಂದುಕೊಂಡಳು.

"ಎಷ್ಟು ಹೊತ್ತಿಗೆ ಬರ್ತಾರೆ ಆ ಮಕ್ಕಳು?" ಎಂದು ಅವಳೇ ಕೇಳಿದಳು.

"ನಾಲ್ಕೂವರೆಗೆ."

ಗೋಡೆಯ ಗಡಿಯಾರದಲ್ಲಿ ಮೂರೂ ಇಪ್ಪತ್ತಾಗಿತ್ತು. ಅಕ್ಕ ಕೊಕ್ಕೆಯನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು, ದೊಡ್ಡ ಕತ್ತರಿ ತೆಗೆದುಕೊಂಡಳು. "ನನ್ನ ಅಲ್ಲಿಗೆ ಬಿಡಿ ಮೇಡಂ. ನಾಲ್ಕನ್ನೂ ಬಿಚ್ಚಿ ಹಾಕ್ತೀನಿ. ಕಾರಣ ಅವರಿಗೆ ನಾನೇ ಹೇಳ್ತೀನಿ."

ಟೀಚರ್ ಹುಡುಗಿಯ ಭುಜದ ಮೇಲೆ ಕೈಯಿಟ್ಟು ಹೊರಗೆ ನಡೆದರು. ಅಕ್ಕ ಹಿಂದೆ ಹೊರಟಳು.

"ಅಕ್ಕಾ," ಎಂದ ತಮ್ಮ ಮೇಲಿಂದ. ಅವನು ಈಗ ಈ ಕಡೆ ತಿರುಗಿದ್ದ. "ಎಲ್ಲಿಗೆ ಹೋಗ್ತಿದೀಯ? ಏಣಿ ಹಿಡ್ಕೋ ಬಾ."

ಅವಳು ನಿಲ್ಲಲಿಲ್ಲ.

ಟೆಂಪೋದ ಮುಂದಿನ ಸೀಟಿನಲ್ಲಿ ಮೂವರೂ ಒತ್ತೊತ್ತಾಗಿ ಕೂತರು. ಹುಡುಗಿ ನಡುವೆ. ಒಂದು ಗಳಿಗೆಯ ಮೇಲೆ ಅವಳು ಯಾರಿಗೂ ಬೇಸರವಾಗದ ಹಾಗೆ ನಿಧಾನವಾಗಿ ಟೀಚರ್ ಕಡೆಗೆ ಸರಿದಳು. ಅಕ್ಕ ಬೆಳಿಗ್ಗೆ ಮ್ಯಾಟಿನೊಳಗೆ ತೂರಿಸಿದ್ದ ಕೈಯನ್ನು ಕಿಟಕಿಯಿಂದ ಹೊರಕ್ಕೆ ಹಾಕಿ ಹಿಡಿದುಕೊಂಡಳು.

ಡ್ರೈವರ್ ಗಾಡಿಯನ್ನು ಹಿಂದಕ್ಕೆ ತೆಗೆದು ತಿರುಗಿಸುವಾಗ ತೆರೆದ ಶಟರ್ ಮೂಲಕ ಒಳಗೆಲ್ಲ ಕಂಡಿತು. ತಮ್ಮ ಏಣಿಯನ್ನು ಕಾಲಿನಿಂದ ಮೆಲ್ಲಗೆ ಒತ್ತಿ ನೋಡಿದ. ಅದು ಓಲಾಡಿತು. ಕಾಲು ಹಿಂದಕ್ಕೆ ತೆಗೆದುಕೊಂಡ. ಅವನ ಕೆಳಗೆ, ಆಳೆತ್ತರವೂ ಇಲ್ಲದಷ್ಟು ಹತ್ತಿರದಲ್ಲಿ, ಮ್ಯಾಟು ಹರಡಿಕೊಂಡಿತ್ತು. ಹಿಂದಿನ ಸೀಳು ಈ ಕಡೆಗೆ ಕಾಣುತ್ತಿರಲಿಲ್ಲ, ಮುಂಭಾಗದಲ್ಲಿ ಹೊಸ ನೀಲಿ ರೆಕ್ಸಿನ್ನು, ಅಪ್ಪನ ಹೆಸರಿನ ಪಟ್ಟಿ. ತಮ್ಮ ಅದನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅಟ್ಟದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತ.